ತಿದ್ದಬೇಕಾದ ಮೊದಲ ಬೋರ್ಡು ಮನೆಯ ಸ್ಲೇಟು!



ಅಂಗಡಿ ಬೋರ್ಡಿನಲ್ಲಿ ಕನ್ನಡ ತಪ್ಪಾಗಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲಿ. ಆದರೆ ನಿಮ್ಮ ಅಕ್ಕನ ಮಗಳು ‘ಹಾಲು’ ಎಂದು ಬರೆಯಬೇಕಾದಲ್ಲಿ ‘ಹಾಳು’ ಎಂದು ಬರೆದಾಗ ಏನು ಮಾಡಿದಿರಿ? ನಕ್ಕಿರಿ. ‘ಇಂಗ್ಲಿಷ್ ಮೀಡಿಯಂ ಅಲ್ವಾ, ಬಿಡು’ ಎಂದಿರಿ. ಅದೇ ಮಗು ಇಂಗ್ಲಿಷಿನ ಒಂದು ಸ್ಪೆಲಿಂಗ್ ತಪ್ಪಿದ್ದರೆ ಮನೆಮಂದಿಯೆಲ್ಲ ಸುತ್ತ ಕೂತು ಹತ್ತು ಸಲ ಬರೆಸುತ್ತಿದ್ದಿರಿ!

ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು ಎನ್ನುತ್ತದೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ. ಆದರೆ ಕಾನೂನು ಬರುವುದು ಶಾಲೆಯ ಬಾಗಿಲವರೆಗೆ. ಮನೆಯಲ್ಲಿ ಚಾಪೆ ಹಾಸಿ ಕೂತು ಕಾಗುಣಿತ ಹೇಳಿಕೊಡಲು ಅದು ಬರುವುದಿಲ್ಲ. ಅದು ನಿಮ್ಮ ಕೆಲಸ.

ಕಷ್ಟವೇ? ಖಂಡಿತ ಇಲ್ಲ. ‘ನೈಫ್’ ಬರೆಯಲು ಕಿವಿಗೇ ಬೀಳದ ‘ಕೆ’ಯನ್ನು ಬಾಯಿಪಾಠ ಮಾಡಬೇಕು. ಕನ್ನಡದಲ್ಲಿ 49 ಅಕ್ಷರ. ಹೆಚ್ಚುಕಡಿಮೆ ನುಡಿದಂತೆಯೇ ಬರಹ. ಹಾಗಾದರೆ ಮಗು ಎಡವುವುದು ಎಲ್ಲಿ? ಕಿವಿಯಲ್ಲಿ! ಬೆಲೆ–ಬೆಳೆ, ದನ–ಧನ, ಮರಿ–ಮಾರಿ, ಕತೆ–ಕತ್ತೆ: ಈ ಜೋಡಿಗಳನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿ. ಮಗುವಿನ ಬಾಯಲ್ಲೂ ಹೇಳಿಸಿ. ಆಮೇಲೆ ಬರೆಸಿ.

ಒತ್ತಕ್ಷರ ಬಂದರೆ ಪದವನ್ನು ಬಿಡಿಸಿ: ಅಕ್–ಕ, ಹತ್–ತು. ಮೊದಲು ಕೇಳಿಸಿದ್ದು ಮೇಲೆ, ಆಮೇಲಿನದು ಕೆಳಗೆ. ಅರ್ಕಾವತ್ತು ಮಾತ್ರ ತುಂಟ. ‘ಸೂರ್ಯ’ದಲ್ಲಿ ‘ರ್’ ಮೊದಲು ಕೇಳಿಸಿದರೂ ಬರೆಯುವುದು ‘ಯ’ದ ನಂತರ. ಇಷ್ಟು ತಿಳಿಸಿದರೆ ಅರ್ಧ ಯುದ್ಧ ಗೆದ್ದಂತೆ.

ದಿನಕ್ಕೆ ಐದೇ ಪದ, ಹತ್ತೇ ನಿಮಿಷ. ಮಗು ಪದವನ್ನು ನೋಡಲಿ, ಮುಚ್ಚಲಿ, ನೆನಪಿನಿಂದ ಬರೆಯಲಿ, ತಾನೇ ತಾಳೆ ನೋಡಲಿ. ಮರುದಿನ ಅವೇ ಪದಗಳನ್ನು ಮತ್ತೆ ಕೇಳಿ. ವಾರ ಕಳೆದು ಇನ್ನೊಮ್ಮೆ ಕೇಳಿ. ಶಿಕ್ಷೆಯೆಂದು ನೂರು ಸಲ ಬರೆಸಿದರೆ ಕೈ ನೋಯುತ್ತದೆ, ಕನ್ನಡ ಕಹಿಯಾಗುತ್ತದೆ.

ಮನೆಯಲ್ಲಿ ‘ಅಳ್ಳಿ’ ಎನ್ನುವ ಮಗುವನ್ನು ಹಂಗಿಸಬೇಡಿ. ಅದು ಅಜ್ಜಿಯಿಂದ ಬಂದ ಮಾತು, ಅವಮಾನವಲ್ಲ. ಬರೆಯುವಾಗ ‘ಹಳ್ಳಿ’ ಎಂದು ತೋರಿಸಿಕೊಟ್ಟರೆ ಸಾಕು.

ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಬೀದಿಯನ್ನೇ ಪುಸ್ತಕ ಮಾಡಿಕೊಳ್ಳಿ! ಬಸ್ಸಿನ ಕಿಟಕಿಯಿಂದ ಬೋರ್ಡು ಓದಿಸಿ, ತಪ್ಪು ಹಿಡಿಯಲು ಬಿಡಿ. ತಾನೇ ತಪ್ಪು ಹಿಡಿದ ಪದವನ್ನು ಮಗು ಸುಲಭಕ್ಕೆ ಮರೆಯುವುದಿಲ್ಲ.

ಕೊನೆಗೊಂದು ಖಾರದ ಮಾತು. ನಿಮ್ಮ ಮೊಬೈಲನ್ನೊಮ್ಮೆ ತೆರೆದು ನೋಡಿ. ಗೆಳೆಯನಿಗೆ ಕಳಿಸಿದ ಕನ್ನಡ ಯಾವ ಅಕ್ಷರದಲ್ಲಿದೆ? ಇಂಗ್ಲಿಷ್ ಅಕ್ಷರದಲ್ಲೇ? ಆ ಅಕ್ಷರಗಳಲ್ಲಿ ಹಾಲೂ ಒಂದೇ, ಹಾಳೂ ಒಂದೇ! ಮಗು ನಿಮ್ಮ ಭಾಷಣ ಕೇಳಿ ಕಲಿಯುವುದಿಲ್ಲ, ನಿಮ್ಮ ಬೆರಳು ನೋಡಿ ಕಲಿಯುತ್ತದೆ.

ಬೀದಿಯಲ್ಲಿ ಕೂಗಿ ಕನ್ನಡ ಉಳಿಸುವವರು ಬೇಕು. ಆದರೆ ಮನೆಯಲ್ಲಿ ತಿದ್ದುವವರಿಲ್ಲದಿದ್ದರೆ ನಾವು ಗೆದ್ದುಕೊಟ್ಟ ಬೋರ್ಡನ್ನು ನಾಳೆ ಓದುವವರು ಯಾರು?

ಇಂದು ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ. ಮಗುವಿನ ಪಕ್ಕ ಕೂತುಕೊಳ್ಳಿ. ಐದು ಪದದಿಂದ ಶುರು ಮಾಡಿ. ಮೊದಲನೆಯದು ‘ಹಾಲು’ ಆಗಿರಲಿ!