ಸ್ನಾನದ ನೀರು ಕುಡಿಯೋ ಮಗು ಲೋಟದ ನೀರು ಯಾಕೆ ಕುಡಿಯಲ್ಲ?

‘ನಮ್ಮ ಮಗು ನೀರೇ ಕುಡಿಯಲ್ಲ ಕಣ್ರೀ’ ಅನ್ನೋ ದೂರು ಈಗ ಎಲ್ಲಿ ನಿಂತರೂ ಕಿವಿಗೆ ಬೀಳುತ್ತೆ. ಅಪಾರ್ಟ್‌ಮೆಂಟಿನ ಉಯ್ಯಾಲೆ ಪಕ್ಕ, ಆಫೀಸಿನ ಕಾಫಿ ಮೆಷಿನ್ ಮುಂದೆ, ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ. ದೂರು ಹೇಳುವವರ ಕೈಯಲ್ಲೇ ಆನೆ ಚಿತ್ರದ ಸಿಪ್ಪರ್ ಇರುತ್ತೆ. ಮಗು ಪಾಡಿಗೆ ಆಡ್ತಿರುತ್ತೆ, ಇವರು ಹಿಂದೆ ಹಿಂದೆ ಓಡಿ ‘ಒಂದೇ ಒಂದು ಗುಟುಕು ಬಂಗಾರ’ ಅಂತ ಅದರ ಬಾಯಿಗೆ ಸಿಪ್ಪರಿನ ಮೂತಿ ತುರುಕುತ್ತಾರೆ. ಅದು ಮುಖ ತಿರುಗಿಸುತ್ತೆ. ‘ನೋಡಿದ್ರಾ?’

ಇದೇ ಮಗುವನ್ನು ಸಂಜೆ ಬಚ್ಚಲಲ್ಲಿ ಕೂರಿಸಿ ಕೈಗೊಂದು ಮಗ್ಗು ಕೊಡಿ. ಸೋಪಿನ ನೊರೆ ತೇಲುವ ನೀರನ್ನು ಮೊಗೆದು ಮೊಗೆದು ಕುಡಿಯುತ್ತೆ. ಕಿತ್ತುಕೊಂಡ್ರೆ ಮನೆ ಹಾರಿಹೋಗೋ ಹಾಗೆ ಅಳುತ್ತೆ. ನೀವು ಊಟಕ್ಕೆ ಕೂತಾಗ ನಿಮ್ಮ ಸ್ಟೀಲ್ ಲೋಟಕ್ಕೇ ಕೈ ಹಾಕಿ, ಅರ್ಧ ಮೈಮೇಲೆ ಚೆಲ್ಲಿಕೊಂಡು, ಮಿಕ್ಕಿದ್ದನ್ನು ಕುಡಿದು ನಗುತ್ತೆ. ಹಾಗಾದ್ರೆ ಅದು ಬೇಡ ಅಂದಿದ್ದು ಯಾವುದನ್ನು? ನೀರನ್ನಂತೂ ಅಲ್ಲ. ನೀರಿನ ಜೊತೆಗೆ ಬರುವ ನಮ್ಮ ಬಲವಂತ ಅದಕ್ಕೆ ಬೇಡ. ಜೊತೆಗೆ ನಾವೇ ಮುಂಚೆ ಸಿಹಿ ನೆಕ್ಕಿಸಿ ಕೆಡಿಸಿಟ್ಟ ನಾಲಿಗೆಗೆ ನೀರು ಸಪ್ಪೆ. ಸೀದಾ ಹೇಳಿಬಿಡ್ತೀನಿ: ನೀರು ಕುಡಿಯದ ಮಕ್ಕಳನ್ನು ಬಹಳಷ್ಟು ಮನೆಗಳಲ್ಲಿ ತಯಾರು ಮಾಡ್ತಿರೋದು ದೊಡ್ಡವರೇ. ತಯಾರು ಮಾಡಿ, ಆಮೇಲೆ ಹಠಮಾರಿ ಅನ್ನೋ ಹೆಸರು ಮಾತ್ರ ಮಗುಗೆ.

ಎಳೆಗೂಸಿನಿಂದಲೇ ಶುರು ಮಾಡೋಣ. ಆರು ತಿಂಗಳು ತುಂಬುವ ತನಕ ಕೂಸಿಗೆ ನೀರು ಬೇಡ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಇದನ್ನು ಎಷ್ಟೋ ವರ್ಷದಿಂದ ಹೇಳ್ತಿವೆ, ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಹೇಳ್ತಾರೆ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ. ರಾಯಚೂರಿನ ಏಪ್ರಿಲ್ ಬಿಸಿಲಿಗೂ ಅಷ್ಟು ಸಾಕು. ಎರಡು ತಿಂಗಳ ಕೂಸಿನ ಹೊಟ್ಟೆ ಎಷ್ಟು ಮಹಾ ಇರುತ್ತೆ? ಅದಕ್ಕೆ ನೀರು ತುಂಬಿದ್ರೆ ಹಾಲಿಗೆ ಜಾಗ ಇರಲ್ಲ, ಕೂಸು ಚೀಪೋದು ಕಡಿಮೆಯಾದ್ರೆ ತಾಯಿಗೆ ಹಾಲೂ ಕಡಿಮೆಯಾಗುತ್ತೆ. ಜಾಸ್ತಿ ಕುಡಿಸಿದ್ರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರೋ ಅಪಾಯವೂ ಇದೆ. ಪುಡಿ ಹಾಲು ಕುಡಿಯೋ ಕೂಸಿಗೂ ಇದೇ ಮಾತು: ಡಬ್ಬದ ಮೇಲೆ ಬರೆದ ಅಳತೆಗಿಂತ ನೀರು ಜಾಸ್ತಿ ಬೆರೆಸಬಾರದು.

ಆದ್ರೂ ‘ಪಾಪ, ಗಂಟಲು ಒಣಗಲ್ವಾ’ ಅಂತ ಒಳಲೆ ಹುಡುಕ್ತಾರೆ. ಒಳಲೆ ನೋಡದ ಪಟ್ಟಣದವರಿಗೆ ಹೇಳ್ತೀನಿ, ಅದು ಮೂತಿ ಇರುವ ಪುಟ್ಟ ಪಾತ್ರೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬಾಯಿಗೆ ಹೊಯ್ಯೋದಕ್ಕೆ. ಬೆಳ್ಳಿ ಒಳಲೆ ಉಡುಗೊರೆ ಕೊಡೋದು ಈಗಲೂ ಘನತೆಯ ವಿಷಯ. ಅದರಲ್ಲಿ ಸಕ್ಕರೆ ನೀರು, ಗ್ರೈಪ್ ವಾಟರ್, ಜೇನುತುಪ್ಪ. ಜೇನುತುಪ್ಪ ಒಂದು ವರ್ಷದೊಳಗಿನ ಮಕ್ಕಳಿಗೆ ಬೊಟುಲಿಸಂ ಅನ್ನೋ ವಿಷಬಾಧೆ ತರಬಹುದು. ಅಳುವ ಬಾಯಿಗೆ ಹೊಯ್ದಿದ್ದು ಗಾಳಿ ಕೊಳವೆಗೆ ಹೋದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ನಿಜವಾಗಿ ಸಿಟ್ಟು ಬರೋದು ಇನ್ನೊಂದಕ್ಕೆ. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ, ಬಾಣಂತಿಗೆ ನೀರು ಕೊಡಲ್ಲ! ‘ಹೊಟ್ಟೆ ಬರುತ್ತೆ, ನಂಜಾಗುತ್ತೆ, ಮಗುಗೆ ಶೀತ’ ಅಂತ ದಿನಕ್ಕೆ ಒಂದೆರಡು ಲೋಟ ಬಿಸಿನೀರು ಅಳೆದು ಕೊಡ್ತಾರೆ. ಹಾಲೂಡುವ ಹೆಂಗಸಿಗೆ ಬಾಯಾರಿಕೆ ಮಾಮೂಲಿಗಿಂತ ಜಾಸ್ತಿ. ನಡುರಾತ್ರಿ ಎದ್ದು ಕಳ್ಳತನದಲ್ಲಿ ಬಚ್ಚಲ ನೀರು ಕುಡಿದ ಕಥೆ ಬೇಕಾದ್ರೆ ನಿಮ್ಮ ಅಕ್ಕಂದಿರನ್ನು, ಅತ್ತಿಗೆಯರನ್ನು ಕೇಳಿ. ಬೇಕು ಬೇಕು ಅನ್ನುವವಳಿಗೆ ನೀರಿಲ್ಲ, ಬೇಡದ ಕೂಸಿಗೆ ಬಲವಂತ. ಇದನ್ನು ಸಂಪ್ರದಾಯ ಅಂತ ಕರೆದು ಸುಮ್ಮನಿರೋಕೆ ನನ್ನಿಂದಾಗಲ್ಲ. ಹಾಗಂತ ಎಲ್ಲವನ್ನೂ ಅಜ್ಜಿಯರ ತಲೆಗೆ ಕಟ್ಟೋದೂ ಬೇಡ. ಗಂಡ ಅನ್ನಿಸಿಕೊಂಡವನು ಹೊಸ್ತಿಲಾಚೆ ನಿಂತು ‘ಅಮ್ಮನಿಗೆ ಎಲ್ಲಾ ಗೊತ್ತಿರುತ್ತೆ’ ಅಂತ ಮೊಬೈಲ್ ನೋಡ್ತಿರ್ತಾನಲ್ಲ, ಒಂದು ಚೊಂಬು ನೀರು ತಂದು ಹಾಸಿಗೆ ಪಕ್ಕ ಇಡೋಕೆ ಅವನಿಗೇನು ರೋಗ?

ಆರು ತಿಂಗಳು ದಾಟಿದ ಮೇಲೆ ಓದಿದವರ ಸರದಿ. ರಾಗಿ ಸರಿ, ಮೆತ್ತನೆ ಅನ್ನ ಶುರುವಾದಾಗ ಜೊತೆಗೆ ಕುದಿಸಿ ಆರಿಸಿದ ನೀರು ನಾಲ್ಕು ಗುಟುಕು ಕೊಡಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಆರರಿಂದ ಹನ್ನೆರಡು ತಿಂಗಳ ಮಗುಗೆ ಹೇಳೋದು ದಿನಕ್ಕೆ 120ರಿಂದ 240 ಮಿಲಿ. ಅಂದ್ರೆ ಇಡೀ ದಿನಕ್ಕೆ ಒಂದು ಲೋಟದ ಲೆಕ್ಕ, ಅದೂ ಗುಟುಕು ಗುಟುಕಾಗಿ. ಇದನ್ನು ಓದಿದ ನಮ್ಮ ಸಾಫ್ಟ್‌ವೇರ್ ಮಂದಿ ಏನು ಮಾಡ್ತಾರೆ? ಎಕ್ಸೆಲ್ ಶೀಟ್ ತೆಗೀತಾರೆ. ಬೆಳಗ್ಗೆ ಇಷ್ಟು ಮಿಲಿ, ಮಧ್ಯಾಹ್ನ ಇಷ್ಟು ಮಿಲಿ, ಟಾರ್ಗೆಟ್ ಮುಟ್ಟದಿದ್ರೆ ಕೆಂಪು ಬಣ್ಣ. ಬಾಕಿ ಉಳಿದಿದ್ದನ್ನು ರಾತ್ರಿ ಮಗುವಿನ ನಿದ್ದೆಗಣ್ಣಲ್ಲಿ ಕುಡಿಸಿ ಲೆಕ್ಕ ಚುಕ್ತಾ. ನಾವು ನೀರು ಕುಡಿಯೋದಕ್ಕೇ ಗಂಟೆಗೊಮ್ಮೆ ಫೋನ್ ನೆನಪಿಸಬೇಕು. ಬಾಯಾರಿಕೆ ಅಂದ್ರೇನು ಅಂತ ಮರೆತವರು ಮಗುಗೆ ಅದನ್ನು ಕಲಿಸೋಕೆ ಹೊರಟಿದ್ದೀವಿ.

ಟಾರ್ಗೆಟ್ ಮುಟ್ಟಲಿಲ್ಲ ಅನ್ನೋ ಗಾಬರಿಯಲ್ಲೇ ಸಕ್ಕರೆ ಒಳಗೆ ಬರೋದು. ‘ಬರೀ ನೀರು ಕುಡಿಯಲ್ಲ, ಎರಡು ಹನಿ ಜ್ಯೂಸ್ ಹಾಕಿದ್ರೆ ಕುಡಿಯುತ್ತೆ.’ ಮುಂದಿನ ತಿಂಗಳು ಗ್ಲೂಕೋಸ್ ಪುಡಿ. ಅದರ ಮುಂದಿನ ತಿಂಗಳು ಸ್ಟ್ರಾ ಅಂಟಿಸಿದ ಟೆಟ್ರಾ ಪ್ಯಾಕ್. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲೇ ಹೇಳಿದೆ, ಎರಡು ವರ್ಷದೊಳಗಿನ ಮಕ್ಕಳಿಗೆ ಹಣ್ಣಿನ ರಸ ಬೇಡ, ಎರಡರಿಂದ ಐದು ವರ್ಷದವರಿಗೂ ದಿನಕ್ಕೆ 125 ಮಿಲಿ ಮೀರಬಾರದು, ಹಣ್ಣನ್ನು ಹಣ್ಣಾಗಿಯೇ ಕೊಡಿ ಅಂತ. ಯಾರು ಕೇಳ್ತಾರೆ? ಪ್ಯಾಕಿನ ಮೇಲೆ ಮಾವಿನಹಣ್ಣಿನ ಚಿತ್ರ ಇದ್ಯಲ್ಲ.

ಇದಕ್ಕಿಂತ ದೊಡ್ಡ ಮೋಸ ಮೆಡಿಕಲ್ ಶಾಪಿನಲ್ಲೇ ನಡೀತು. ಹೆಸರಿನಲ್ಲಿ ‘ಓಆರ್‌ಎಸ್’ ಅಂತ ಸೇರಿಸಿಕೊಂಡ ಸಿಹಿ ಪಾನೀಯಗಳನ್ನು ವರ್ಷಗಟ್ಟಲೆ ಮಾರಿದ್ರು. ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಅದೂ ಉಪ್ಪಿನ ಜೊತೆ ಸೇರಿ, ಭೇದಿಯಾದ ಮಗುವಿನ ಕರುಳು ನೀರು ಹೀರಿಕೊಳ್ಳಲಿ ಅಂತ. ಸಕ್ಕರೆ ಹೆಚ್ಚಾದ್ರೆ ಕರುಳು ನೀರನ್ನು ಇನ್ನೂ ಹೊರಗೆಳೆದು ಭೇದಿ ಜಾಸ್ತಿಯಾಗುತ್ತೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಬೆನ್ನು ಬಿಡದೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳಿಗೆ ಆ ಹೆಸರು ಬಳಸಬಾರದು ಅಂತ ಆದೇಶ ಮಾಡ್ತು. ಇಷ್ಟು ವರ್ಷ ಅದು ಖರ್ಚಾಗಿದ್ದು ಯಾವ ಮಾತಿನ ಮೇಲೆ ಗೊತ್ತಾ? ‘ನೀರಂತೂ ಮುಟ್ಟಲ್ಲ, ಇದನ್ನಾದ್ರೂ ಕುಡಿಯುತ್ತಲ್ಲ’ ಅನ್ನೋ ಮಾತಿನ ಮೇಲೆ.

ಹಾಲಿನದ್ದೂ ಅದೇ ಕಥೆ. ನೀರಿನ ಬದಲು ಬಾಟಲಿಗಟ್ಟಲೆ ಹಸುವಿನ ಹಾಲು ಕುಡಿದ ಎರಡು ವರ್ಷದ ಮಗುಗೆ ಊಟವೂ ಸೇರಲ್ಲ, ನೀರೂ ಸೇರಲ್ಲ. ಕಬ್ಬಿಣದ ಅಂಶ ಕಮ್ಮಿಯಾಗಿ ಬಿಳಿಚಿಕೊಳ್ಳುತ್ತೆ, ಕಕ್ಕ ಕಲ್ಲಿನ ಹಾಗೆ ಗಟ್ಟಿ. ದಿನಕ್ಕೆ ಅರ್ಧ ಲೀಟರ್ ಧಾರಾಳ ಆಯ್ತು.

‘ಹಾಗಾದ್ರೆ ಕುಡಿದ್ರೆ ಕುಡೀಲಿ, ಬಿಟ್ರೆ ಬಿಡ್ಲಿ ಅಂತ ಕೂರಬೇಕಾ?’ ಅಂತ ಕೇಳಬಹುದು. ಕೂರಬೇಡಿ. ನೀವು ಕುಡೀರಿ. ಮಗುವಿನ ಎದುರಿಗೇ, ನೆಲದ ಮೇಲೆ ಕೂತು, ಲೋಟದಲ್ಲಿ. ಅಂಥದ್ದೇ ಪುಟ್ಟ ಸ್ಟೀಲ್ ಲೋಟ, ಕಾಲು ಭಾಗ ನೀರು, ಅದರ ಕೈಗೆ ಎಟಕುವ ಕಡೆ ಇಡಿ. ಚೆಲ್ಲುತ್ತೆ. ಚೆಲ್ಲಲಿ, ಒರೆಸೋ ಬಟ್ಟೆ ಇದೆ. ಊಟದ ನಡುವೆ, ಆಟ ಮುಗಿದ ಮೇಲೆ, ನಿದ್ದೆಯಿಂದ ಎದ್ದಾಗ ಲೋಟ ತೋರಿಸಿ. ಬೇಡ ಅಂದ್ರೆ ಹಿಂದಕ್ಕೆ ಇಡಿ, ಬೇಡಿಕೊಳ್ಳಬೇಡಿ, ಹೊಗಳಿ ಕುಣೀಲೂಬೇಡಿ. ಸೌತೆಕಾಯಿ ಇದೆ, ಕಲ್ಲಂಗಡಿ ಇದೆ, ಒಂದು ವರ್ಷ ದಾಟಿದ ಮಗುಗೆ ನೀರು ಮಜ್ಜಿಗೆ, ತಿಳಿಸಾರು ಇದೆ. ಅವೂ ನೀರೇ ತಾನೆ? ಜ್ಯೂಸ್ ಅಭ್ಯಾಸ ಆಗಿದ್ರೆ ಮನೆಗೆ ತರೋದು ನಿಲ್ಲಿಸಿ. ಮೂರ್ನಾಲ್ಕು ದಿನ ರಂಪ ಇರುತ್ತೆ, ತಡ್ಕೊಳ್ಳಿ. ಉಗುಳಿದ್ರೆ ಬೈಯೋ ಮುಂಚೆ ಆ ನೀರನ್ನು ನೀವೇ ಕುಡಿದು ನೋಡಿ. ಟ್ಯಾಂಕರಿನ ಗಡಸು ನೀರನ್ನು ಉಗುಳಿದ ಮಗುವಿನ ನಾಲಿಗೆ ನೆಟ್ಟಗಿದೆ ಅಂತಲೇ ಅರ್ಥ. ಪಾವಗಡ, ಕೋಲಾರ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಅಂತೂ ನಾಲಿಗೆಗೂ ಸಿಗಲ್ಲ, ಕುದಿಸಿದ್ರೂ ಹೋಗಲ್ಲ. ಅಲ್ಲಿ ‘ಕುದಿಸಿ ಕೊಡಿ’ ಅನ್ನೋ ಸಲಹೆ ಅರ್ಧ ಸಲಹೆ.

ಜ್ವರ, ವಾಂತಿ, ಭೇದಿ ಬಂದಾಗ ಮಾತ್ರ ಈ ನಿಧಾನ ಬೇಡ. ಆರು ಗಂಟೆ ಉಚ್ಚೆ ಹೊಯ್ದಿಲ್ಲ, ತುಟಿ ಒಣಗಿದೆ, ಅತ್ತರೆ ಕಣ್ಣೀರಿಲ್ಲ, ಮಂಕಾಗಿ ಮಲಗಿದೆ ಅಂದ್ರೆ ಸೀದಾ ಡಾಕ್ಟರ ಹತ್ತಿರ ಎತ್ತಿಕೊಂಡು ಹೋಗಿ.

ಕೊನೆಗೆ ನಮ್ಮ ಎರಡು ನಾಲಿಗೆಯ ಮಾತು. ಮನೆಯಲ್ಲಿ ಕುಡಿ ಕುಡಿ ಅಂತ ಪ್ರಾಣ ತಿನ್ನುವ ನಾವೇ ಬಸ್ಸು ಹತ್ತುವಾಗ, ಮದುವೆ ಮನೆಗೆ ಹೊರಟಾಗ ‘ಈಗ ಬೇಡ, ಸುಸ್ಸು ಬರುತ್ತೆ’ ಅಂತ ಲೋಟ ಕಿತ್ತುಕೊಳ್ತೀವಿ. ಪ್ಲೇಹೋಮಿನ ಆಯಮ್ಮ ಮಾಡೋದೂ ಅದನ್ನೇ. ಇಪ್ಪತ್ತು ಮಕ್ಕಳು, ಒಂದು ಟಾಯ್ಲೆಟ್, ಅವಳೊಬ್ಬಳು, ಪಾಪ ಅವಳಾದ್ರೂ ಏನು ಮಾಡ್ತಾಳೆ? ಚಡ್ಡಿ ಒದ್ದೆಯಾದ್ರೆ ಸಂಜೆ ಬೈಸಿಕೊಳ್ಳುವವಳು ಅವಳೇ. ತುಂಬಿ ಹೋದ ನೀರಿನ ಬಾಟಲಿ ತುಂಬಿಯೇ ವಾಪಸ್ ಬರೋದು ಅದಕ್ಕೆ. 2019ರಲ್ಲಿ ಕೇರಳದ ಶಾಲೆಗಳ ‘ವಾಟರ್ ಬೆಲ್’ ನೋಡಿ ನಮ್ಮಲ್ಲೂ ಮಕ್ಕಳು ನೀರು ಕುಡಿಯೋಕೆ ಗಂಟೆ ಹೊಡೀಬೇಕು ಅಂತಾಯ್ತು. ಒಳ್ಳೆಯದೇ. ಆದ್ರೆ ಕುಡಿದ ನೀರು ಹೋಗೋದಕ್ಕೂ ಜಾಗ ಬೇಕಲ್ಲ? ವರ್ಷಕ್ಕೆ ಲಕ್ಷ ರೂಪಾಯಿ ಫೀಸು ಕಟ್ಟೋ ಮುಂಚೆ ಸ್ಮಾರ್ಟ್ ಬೋರ್ಡ್ ಎಷ್ಟು ಇಂಚಿನದ್ದು ಅಂತ ಕೇಳ್ತೀವಿ. ಟಾಯ್ಲೆಟ್ ಎಷ್ಟಿವೆ, ಮಕ್ಕಳನ್ನು ಕರ್ಕೊಂಡು ಹೋಗೋರು ಎಷ್ಟು ಜನ, ಎರಡೂವರೆ ವರ್ಷದ ಮಗುವಿನ ಕೈಗೆ ಎಟಕುವ ಎತ್ತರದಲ್ಲಿ ಕುಡಿಯೋ ನೀರು ಎಲ್ಲಿದೆ, ತೋರಿಸಿ ಅಂತ ಈ ಜೂನ್‌ನಲ್ಲಾದ್ರೂ ಕೇಳಿ. ಅಂಗನವಾಡಿಗೆ ಹೋದ್ರೂ ಕೇಳಿ.