ಕೀಲಿಕೈ ಯಾರಲ್ಲಿ?

ಕಿತ್ತೂರೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು 1824ರ ಚನ್ನಮ್ಮ ರಾಣಿಯ ಸಮರ. ಅದೇ ಊರು 1986ರಲ್ಲಿ ಸದ್ದುಗದ್ದಲವಿಲ್ಲದೆ ಇನ್ನೊಂದು ಬಗೆಯ ಸ್ವಾವಲಂಬನೆಗೆ ನೆಲೆಯಾಯಿತೆಂಬುದನ್ನು ಬಲ್ಲವರು ವಿರಳ. ಭಾರತದಲ್ಲಿಯೇ ರೂಪುಗೊಂಡ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜು ಮೊತ್ತಮೊದಲು ಕಾರ್ಯಾರಂಭ ಮಾಡಿದುದು ಅಲ್ಲಿ. ಅದನ್ನು ನಿರ್ಮಿಸಿದ ಸಿ-ಡಾಟ್ ಸಂಸ್ಥೆ ಜನಿಸಿದುದು 1984ರ ಆಗಸ್ಟಿನಲ್ಲಿ. ಸ್ಯಾಮ್ ಪಿತ್ರೋಡಾ ಮೊದಲಾದವರಿಗೆ ದೊರೆತ ಅವಧಿ 36 ತಿಂಗಳು, ಹಣ 36 ಕೋಟಿ ರೂಪಾಯಿ.

ದೊಡ್ಡ ನಗರಗಳಿಗಾಗಿ ಸರಕಾರ 1982ರಲ್ಲಿಯೇ ಫ್ರಾನ್ಸಿನ ಅಲ್ಕಾಟೆಲ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತ್ತು. ಆ ಯಂತ್ರಗಳಿಗೆ ತಂಪುಗೊಳಿಸಿದ ಕೋಣೆ ಬೇಕು. ಕಿತ್ತೂರಿನ ಪೆಟ್ಟಿಗೆಯಾದರೋ 128 ಸಂಪರ್ಕಗಳಷ್ಟೇ ಹಿಡಿಯುವಂಥದು. ಆದರೆ ಹಳ್ಳಿಯ ಧೂಳು, ಬಿಸಿಲುಗಳನ್ನು ತಾಳಿಕೊಳ್ಳುವಂಥದು. ಅದರ ವಿನ್ಯಾಸವೂ ಒಬ್ಬನ ಸೊತ್ತಾಗಿ ಉಳಿಯದೆ, ಪರವಾನಗಿಯ ಮೂಲಕ ಅನೇಕ ಕಾರ್ಖಾನೆಗಳಿಗೆ ದೊರೆಯಿತು.

ಇಂದು ಅದೇ ಪ್ರಶ್ನೆ ಇಂಟರ್‌ನೆಟ್ಟಿನ ರೂಟರುಗಳ ವಿಷಯದಲ್ಲಿ ಎದ್ದಿದೆ. ರಾಮದುರ್ಗದಿಂದ ಕಿತ್ತೂರಿಗೆ ಹೊರಟವನಿಗೆ ಸವದತ್ತಿ, ಬೈಲಹೊಂಗಲಗಳ ಕೈಮರಗಳು ದಾರಿ ತೋರುತ್ತವಷ್ಟೆ. ನಡುವೆ ರಸ್ತೆ ಕಡಿದಾಗ, ‘ಸವದತ್ತಿಯಿಂದ ಧಾರವಾಡದ ಮೇಲೆ ಹೋಗು’ ಎಂದು ತಾನಾಗಿ ಹೇಳಬಲ್ಲ ಕೈಮರವೊಂದಿದ್ದರೆ ಅದೇ ರೂಟರ್.

ಸಿಸ್ಕೋದಂಥ ಕಂಪನಿಗಳು ಈ ಯಂತ್ರವನ್ನೂ ಅದರೊಳಗಿನ ತಂತ್ರಾಂಶವನ್ನೂ ಒಟ್ಟಾಗಿ, ಮುಚ್ಚಿದ ಪೆಟ್ಟಿಗೆಯಾಗಿ ಮಾರುತ್ತವೆ. ಇದಕ್ಕೆ ಪ್ರತಿಯಾಗಿ, ಸಾಮಾನ್ಯ ಗಣಕಯಂತ್ರದಲ್ಲಿ ಲಿನಕ್ಸನ್ನೂ 2017ರಲ್ಲಿ ಆರಂಭವಾದ ಎಫ್‌ಆರ್‌ರೂಟಿಂಗ್ ಎಂಬ ಮುಕ್ತ ತಂತ್ರಾಂಶವನ್ನೂ ಹೂಡಿ ರೂಟರನ್ನು ಕಟ್ಟಿಕೊಳ್ಳಬಹುದು. ಮೈಕ್ರೋಸಾಫ್ಟ್ ಕೂಡ ತನ್ನ ಜಾಲದ ‘ಸೋನಿಕ್’ ತಂತ್ರಾಂಶವನ್ನು 2016ರಲ್ಲಿ ಲೋಕಕ್ಕೆ ತೆರೆದಿಟ್ಟಿತು.

ಹಾಗಾದರೆ ಕಂಪನಿಗಳ ಪೆಟ್ಟಿಗೆಗಳನ್ನು ಎಸೆದುಬಿಡೋಣವೇ? ಅವಸರ ಸಲ್ಲದು. ಸಾಮಾನ್ಯ ಗಣಕಯಂತ್ರ ಒಂದೊಂದು ಮಾಹಿತಿ ಕಟ್ಟನ್ನೂ ತಂತ್ರಾಂಶದಿಂದ ಪರೀಕ್ಷಿಸಿ ಸಾಗಿಸುತ್ತದೆ. ದೊಡ್ಡ ರೂಟರಿನಲ್ಲಿ ಆ ಕೆಲಸಕ್ಕೆಂದೇ ಮಾಡಿದ ಚಿಪ್ಪುಗಳಿವೆ. ಮಹಾಜಾಲದ ನಡುದಾರಿಯ ದಟ್ಟಣೆಯಲ್ಲಿ ಇವೆರಡರ ಅಂತರ ಕೂಡಲೇ ಕಾಣುತ್ತದೆ. ಸಿ-ಡಾಟ್‌ನ ಅನುಭವವೂ ಇದನ್ನೇ ಹೇಳುತ್ತದೆ: ಹಳ್ಳಿಯ ಎಕ್ಸ್‌ಚೇಂಜು ಬೇಗನೆ ಸಿದ್ಧವಾಯಿತು, ನಗರದ ದೊಡ್ಡ ಎಕ್ಸ್‌ಚೇಂಜು ಗೊತ್ತುಪಡಿಸಿದ ಅವಧಿಯನ್ನು ಮೀರಿತು.

ಸುದೈವದಿಂದ, ರೂಟರುಗಳು ತಮ್ಮೊಳಗೆ ಆಡುವ ಬಿಜಿಪಿ ಮೊದಲಾದ ಭಾಷೆಗಳ ನಿಯಮಗಳು ಬಹಿರಂಗವಾಗಿವೆ. ಆದುದರಿಂದ ನಡುವೆ ಕಂಪನಿಯ ಯಂತ್ರ, ಅಂಚಿನಲ್ಲಿ ಸ್ವಂತ ಯಂತ್ರ ಎಂಬ ಹೊಂದಾಣಿಕೆ ಸಾಧ್ಯ. ಬೈಲಹೊಂಗಲದ ಕಾಲೇಜಿಗೋ ರಾಮದುರ್ಗದ ಸಹಕಾರಿ ಸಂಘಕ್ಕೋ ಸ್ವಂತ ಪೆಟ್ಟಿಗೆ ಧಾರಾಳವಾಗಿ ಸಾಕು.

ಆದರೆ ನಡುರಾತ್ರಿ ಅದು ನಿಂತಾಗ ಎದ್ದು ಬರುವವರಾರು? ಕಂಪನಿಗೆ ತೆರುವ ಹಣದಲ್ಲಿ ಈ ಪ್ರಶ್ನೆಯ ಉತ್ತರದ ಬೆಲೆಯೂ ಸೇರಿರುತ್ತದೆ. ಪೆಟ್ಟಿಗೆಯಲ್ಲಿ ಉಳಿಸಿದ ಹಣವನ್ನು ಊರಿನ ಇಬ್ಬರು ತರುಣರನ್ನು ತರಬೇತುಗೊಳಿಸಿ, ಸಂಬಳ ಕೊಟ್ಟು ಇಟ್ಟುಕೊಳ್ಳಲು ವೆಚ್ಚ ಮಾಡಿದರೆ ಮಾತ್ರ ಅದು ಉಳಿತಾಯ. ಇಲ್ಲವಾದರೆ ಕೀಲಿಕೈ ತನ್ನಲ್ಲಿದ್ದೂ ಬಾಗಿಲ ಹೊರಗೆ ನಿಂತವನ ಪಾಡು.