ಅಗ್ಗದ ಟಿವಿಗೆ ಹೊಣೆ ಯಾರು?

ಕಡಿಮೆ ಬೆಲೆ ಕಂಡ ಕೂಡಲೇ ಅನುಮಾನ ಪಡಬೇಕಿಲ್ಲ. ಆ ಬೆಲೆ ಹೇಗೆ ಗಿಟ್ಟುತ್ತದೆ ಎಂಬುದಕ್ಕೆ ಉತ್ತರ ಸಿಗಬೇಕು

‘ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಎಲ್ಲ ಚಾನೆಲ್. ಎಲ್ಲ ಒಟಿಟಿ. ಐಪಿಎಲ್ ಲೈವ್. ವರ್ಷಕ್ಕೆ ಸಾವಿರ ರೂಪಾಯಿ ಮಾತ್ರ. ಒಂದು ದಿನ ಟ್ರಯಲ್ ಫ್ರೀ.’ ಈ ಧಾಟಿಯ ಸಂದೇಶ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡುವುದನ್ನು ಬಹಳಷ್ಟು ಮಂದಿ ಕಂಡಿರುತ್ತಾರೆ. ‘ಇಷ್ಟು ಕಡಿಮೆಗೆ ಕೊಡ್ತಾರೆ ಅಂದ್ರೆ ಏನೋ ಮೋಸ ಇರಬೇಕು’ ಎಂದು ಕೆಲವರು ಸುಮ್ಮನಾಗುತ್ತಾರೆ. ‘ಹೋದರೆ ಸಾವಿರ ತಾನೇ’ ಎಂದು ಉಳಿದವರು ಹಣ ಕಳುಹಿಸುತ್ತಾರೆ. ಇಬ್ಬರೂ ನೋಡುವುದು ಬೆಲೆಯನ್ನೇ. ಆದರೆ ನಮ್ಮ ದೇಶದಲ್ಲಿ ಬೆಲೆಯೊಂದನ್ನೇ ಹಿಡಿದು ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳಲಾಗದು.

ಏಕೆಂದರೆ, ಇಲ್ಲಿ ಕಾನೂನುಬದ್ಧ ಟಿವಿಯೂ ಅಗ್ಗ. 2004ರಲ್ಲಿ ಶುರುವಾದ ದೂರದರ್ಶನದ ಡಿಟಿಎಚ್ ಸೇವೆ, ಇಂದಿನ ಡಿಡಿ ಫ್ರೀ ಡಿಶ್‌ಗೆ ತಿಂಗಳ ಶುಲ್ಕವೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ತನ್ನ ಮೊಬೈಲ್ ಪ್ಲಾನ್ ದರವನ್ನು ತಿಂಗಳಿಗೆ ₹199ರಿಂದ ₹149ಕ್ಕೆ ಇಳಿಸಿತು. ಜಿಯೊಹಾಟ್‌ಸ್ಟಾರ್ 2025ರ ಫೆಬ್ರುವರಿಯಲ್ಲಿ ಶುರುವಾದಾಗ ಮೂರು ತಿಂಗಳ ಮೊಬೈಲ್ ಪ್ಲಾನ್‌ಗೆ ಕೇಳಿದ್ದು ₹149. ಬಿಎಸ್‌ಎನ್‌ಎಲ್ ತನ್ನ ಫೈಬರ್ ಗ್ರಾಹಕರಿಗೆ ಇಂಟರ್‌ನೆಟ್ ಮೂಲಕ 500ಕ್ಕೂ ಹೆಚ್ಚು ಟಿವಿ ಚಾನೆಲ್ ತೋರಿಸುವ ಸೇವೆ ಆರಂಭಿಸಿದೆ.

ಈ ಪ್ರತಿಯೊಂದು ಅಗ್ಗಕ್ಕೂ ಬಾಯಿಬಿಟ್ಟು ಹೇಳಬಹುದಾದ ಕಾರಣವಿದೆ. ಫ್ರೀ ಡಿಶ್‌ನಲ್ಲಿ ಜಾಗ ಪಡೆಯಲು ಖಾಸಗಿ ಚಾನೆಲ್‌ಗಳು ಇ–ಹರಾಜಿನಲ್ಲಿ ಪ್ರಸಾರ ಭಾರತಿಗೆ ಹಣ ಕಟ್ಟುತ್ತವೆ. ಅದನ್ನು ಜಾಹೀರಾತಿನಿಂದ ದುಡಿದುಕೊಳ್ಳುತ್ತವೆ. ಮೊಬೈಲ್ ಪ್ಲಾನ್ ಕೊಂಡವರಿಗೆ ಟಿವಿ ಪರದೆ ಸಿಗುವುದಿಲ್ಲ. ಜಿಯೊಹಾಟ್‌ಸ್ಟಾರ್‌ನ ಆ ಪ್ಲಾನ್‌ನಲ್ಲಿ ಜಾಹೀರಾತು ನೋಡಲೇಬೇಕು. ಬಿಎಸ್‌ಎನ್‌ಎಲ್‌ನವರು ಗ್ರಾಹಕರು ಇಂಟರ್‌ನೆಟ್ ಸಂಪರ್ಕ ಬಿಟ್ಟುಹೋಗದಿರಲಿ ಎಂಬ ಲೆಕ್ಕದಲ್ಲಿ ಟಿವಿಯನ್ನು ಜೊತೆಗೆ ಕೊಡುತ್ತಾರೆ. ನೋಡುಗ ಕೊಡದ ಹಣವನ್ನು ಬೇರೆ ಯಾರೋ ಕೊಡುತ್ತಿದ್ದಾರೆ, ಅದು ಚಾನೆಲ್‌ನವರಿಗೆ ತಲುಪುತ್ತಿದೆ.

ಇದೇ ಲೆಕ್ಕವನ್ನು ಸಾವಿರ ರೂಪಾಯಿಯ ‘ಎಲ್ಲವೂ ಇದೆ’ ಪ್ಯಾಕ್‌ಗೆ ಹಚ್ಚಿ ನೋಡೋಣ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರಲ್ಲಿ ಮಿತಿ ತೆಗೆಯುವವರೆಗೆ ಕೇಬಲ್, ಡಿಟಿಎಚ್‌ನವರು ನೆಟ್‌ವರ್ಕ್ ಶುಲ್ಕವೆಂದು ಮೂಲ ಹಂತದಲ್ಲಿ ತಿಂಗಳಿಗೆ ₹130ರವರೆಗೆ ಪಡೆಯಬಹುದಿತ್ತು. ಶೇ 18ರ ಜಿಎಸ್‌ಟಿ ಸೇರಿದರೆ ₹153.40, ವರ್ಷಕ್ಕೆ ಸುಮಾರು ₹1,841. ಇದರಲ್ಲಿ ಒಂದೇ ಒಂದು ಪೇ ಚಾನೆಲ್‌ನ ದರ ಸೇರಿರಲಿಲ್ಲ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾಗಿದ್ದು ₹48,390 ಕೋಟಿಗೆ. ಅಷ್ಟು ಸುರಿದವರು ಅದೇ ಪಂದ್ಯಗಳನ್ನು ಇತರ ಎಲ್ಲ ಚಾನೆಲ್, ಎಲ್ಲ ಒಟಿಟಿಗಳ ಜೊತೆ ಸೇರಿಸಿ ತಿಂಗಳಿಗೆ ನೂರು ರೂಪಾಯಿಯೊಳಗೆ ಮಾರಲು ಟೆಲಿಗ್ರಾಂ ಖಾತೆಯೊಂದಕ್ಕೆ ಬಿಟ್ಟುಕೊಡುತ್ತಾರೆಯೇ? ಇಲ್ಲಿ ಅಗ್ಗಕ್ಕೆ ಒಂದೇ ಕಾರಣ: ಚಾನೆಲ್‌ನವರಿಗೆ ಕೊಡಬೇಕಾದ್ದನ್ನು ಕೊಟ್ಟಿಲ್ಲ.

ಈ ದಂಧೆ ನಡೆಯುವ ಬಗೆ ಸರಳ. ಎಲ್ಲೋ ಒಂದು ಕಡೆ ಚಂದಾ ಕಟ್ಟಿದ ಸೆಟ್‌ಟಾಪ್ ಬಾಕ್ಸ್ ಅಥವಾ ಆ್ಯಪ್‌ನಿಂದ ಚಿತ್ರವನ್ನು ಎತ್ತಿ ಸರ್ವರ್‌ಗೆ ಹಾಕುತ್ತಾರೆ. ಅದನ್ನು ನಿಭಾಯಿಸುವ ‘ಪ್ಯಾನೆಲ್’ ಒಬ್ಬನ ಕೈಯಲ್ಲಿರುತ್ತದೆ. ಅವನಿಂದ ‘ಕ್ರೆಡಿಟ್’ ಕೊಂಡ ರೀಸೆಲ್ಲರ್ ನಿಮಗೆ ಸರ್ವರ್ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಕಳುಹಿಸುತ್ತಾನೆ. ಇಂತಹ ಜಾಲಗಳಿಗೆ ಸಾಫ್ಟ್‌ವೇರ್ ಒದಗಿಸುತ್ತಿದ್ದ ಎಕ್ಸ್‌ಟ್ರೀಮ್ ಕೋಡ್ಸ್ ಅನ್ನು ಇಟಲಿಯ ನೇತೃತ್ವದ ಕಾರ್ಯಾಚರಣೆ 2019ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಸಿದಾಗ ಹಲವು ದೇಶಗಳಲ್ಲಿ ಟಿವಿಗಳು ಒಮ್ಮೆಲೇ ಬಂದ್ ಆದವು. 2024ರ ನವೆಂಬರ್‌ನಲ್ಲಿ ಯುರೋಪಿನಲ್ಲಿ ಬಯಲಾದ ಇನ್ನೊಂದು ಜಾಲಕ್ಕೆ 2.2 ಕೋಟಿಗೂ ಹೆಚ್ಚು ಬಳಕೆದಾರರಿದ್ದರು. ಭಾರತದಲ್ಲಿಯೂ ಅನುಮತಿಯಿಲ್ಲದೆ ಮರುಪ್ರಸಾರ ಮಾಡುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಹಕ್ಕಿನ ಉಲ್ಲಂಘನೆ. ಸರ್ವರ್ ನಿಂತ ದಿನ ‘ಅಪ್‌ಡೇಟ್ ನಡೀತಿದೆ ಸರ್, ಸಂಜೆ ನೋಡಿ’ ಎನ್ನುವುದಷ್ಟೇ ರೀಸೆಲ್ಲರ್‌ಗೆ ಸಾಧ್ಯ. ಮೇಲಿರುವವನು ಯಾರೆಂಬುದು ಅವನಿಗೂ ಗೊತ್ತಿರುವುದಿಲ್ಲ.

ಹಾಗಾಗಿ ಹಣ ಕೊಡುವ ಮೊದಲು ಹುಡುಕಬೇಕಾದ್ದು ಹೊಣೆ ಹೊರುವ ಹೆಸರನ್ನು. ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. 2021ರ ಐ.ಟಿ. ನಿಯಮಗಳ ಪ್ರಕಾರ ಒಟಿಟಿ ಸಂಸ್ಥೆ ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಸಂಪರ್ಕದ ವಿವರ ಪ್ರಕಟಿಸಿ, 15 ದಿನಗಳಲ್ಲಿ ದೂರು ಇತ್ಯರ್ಥ ಮಾಡಬೇಕು. 2020ರ ಇ–ಕಾಮರ್ಸ್ ನಿಯಮಗಳು ಕಂಪನಿಯ ಕಾನೂನುಬದ್ಧ ಹೆಸರು, ವಿಳಾಸ ತೋರಿಸಬೇಕು ಎನ್ನುತ್ತವೆ. ನಿಮ್ಮೂರಿನ ಕೇಬಲ್‌ನವರೇ ಬ್ರಾಡ್‌ಬ್ಯಾಂಡ್ ಜೊತೆ ಟಿವಿ ಕೊಡುತ್ತೇವೆ ಎಂದರೆ, ಅವರಿಗೆ ಸಿಗ್ನಲ್ ಒದಗಿಸುವ ಎಂಎಸ್‌ಒ (ಮಲ್ಟಿ ಸಿಸ್ಟಮ್ ಆಪರೇಟರ್) ಯಾವುದು ಎಂದು ಕೇಳಿ. ಕೇಬಲ್ ಆಪರೇಟರ್‌ಗಳ ನೋಂದಣಿ ಹಿಂದೆ ಪ್ರಧಾನ ಅಂಚೆ ಕಚೇರಿಯಲ್ಲಿ ಆಗುತ್ತಿತ್ತು. 2025ರ ಜನವರಿಯಿಂದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಪೋರ್ಟಲ್‌ನಲ್ಲಿ ಆಗುತ್ತಿದೆ. ಬಿಲ್‌ನಲ್ಲಿ ಜಿಎಸ್‌ಟಿ ಸಂಖ್ಯೆ ಇದ್ದರೆ ಅದು 15 ಅಕ್ಷರ–ಅಂಕಿಗಳದ್ದು, ಕರ್ನಾಟಕದಲ್ಲಿ ನೋಂದಣಿಯಾಗಿದ್ದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ಗೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂಬುದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಂಪನಿಯ ಹೆಸರು ಹೇಳಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಯಾವುದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸುವುದು ಲೇಸು.

ಜನ ಪುರಾವೆ ಎಂದು ನಂಬುವ ಕೆಲವು ಸಂಗತಿಗಳು ಪುರಾವೆಯೇ ಅಲ್ಲ. ‘ಆ್ಯಪ್ ಪ್ಲೇಸ್ಟೋರ್‌ನಲ್ಲೇ ಇದೆ’ ಎನ್ನುತ್ತಾರೆ. ಇಂಟರ್‌ನೆಟ್ ಮೂಲಕ ಟಿವಿ ತೋರಿಸುವ, ಐಪಿಟಿವಿ ಪ್ಲೇಯರ್ ಎಂಬ ಹೆಸರಿನ ಎಷ್ಟೋ ಆ್ಯಪ್‌ಗಳು ಖಾಲಿ ಡಬ್ಬಗಳಷ್ಟೇ. ‘ನಾವು ಯಾವ ಚಾನೆಲನ್ನೂ ಕೊಡುವುದಿಲ್ಲ’ ಎಂದು ಅವೇ ಬರೆದುಕೊಂಡಿರುತ್ತವೆ. ಒಳಗೆ ಏನು ತುಂಬುತ್ತೀರಿ ಎಂಬುದು ಮುಖ್ಯ. ಟ್ರಯಲ್‌ನಲ್ಲಿ ಚಿತ್ರ ಚೆನ್ನಾಗಿ ಬಂತು, ಪಕ್ಕದ ಮನೆಯಲ್ಲಿ ವರ್ಷದಿಂದ ಓಡುತ್ತಿದೆ ಎಂಬುದು ಸರ್ವರ್ ಸದ್ಯ ನಡೆಯುತ್ತಿದೆ ಎನ್ನುವುದನ್ನಷ್ಟೇ ಹೇಳುತ್ತದೆ.

ಸಾವಿರ ರೂಪಾಯಿಗಿಂತ ದೊಡ್ಡ ನಷ್ಟದ ಸಾಧ್ಯತೆಯೂ ಇದೆ. ‘ಒಮ್ಮೆ ದುಡ್ಡು ಕೊಟ್ಟರೆ ಜೀವನಪೂರ್ತಿ ಫ್ರೀ’ ಎಂದು ಮಾರುವ ಹೆಸರಿಲ್ಲದ ಆ್ಯಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಕಾರ್ಖಾನೆಯಿಂದಲೇ ಕುತಂತ್ರಾಂಶ ಸೇರಿರುವ ಉದಾಹರಣೆಗಳಿವೆ. ಇಂತಹ ಸೋಂಕಿತ ಸಾಧನಗಳ ಜಾಲವಾದ ‘ಬ್ಯಾಡ್‌ಬಾಕ್ಸ್ 2.0’ ಕುರಿತು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ನೀಡಿತು. ಇಂಥ ಬಾಕ್ಸ್ ಮನೆಯ ವೈಫೈಗೆ ಸೇರಿದರೆ, ಬೇರೆ ಯಾರೋ ಮಾಡುವ ಅಪರಾಧ ನಿಮ್ಮ ಮನೆಯ ಇಂಟರ್‌ನೆಟ್ ವಿಳಾಸದಿಂದ ನಡೆಯಬಹುದು. ಪ್ಲೇಸ್ಟೋರ್‌ನ ಹೊರಗಿನಿಂದ ಆ್ಯಪ್‌ನ ‘ಎಪಿಕೆ’ ಕಡತವನ್ನು ಫೋನಿಗೆ ಹಾಕಿಕೊಂಡು ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿಯೂ ಕೈತಪ್ಪಬಹುದು.

ಹೊರದೇಶದ ಕನ್ನಡಿಗರಿಗೆ ಈ ಆಮಿಷ ಇನ್ನೂ ಹೆಚ್ಚು. ಧಾರಾವಾಹಿ, ಸುದ್ದಿ, ಹೊಸ ಸಿನಿಮಾ ಎಲ್ಲವೂ ಒಂದೇ ಬಾಕ್ಸ್‌ನಲ್ಲಿ ಸಿಗುವುದಾದರೆ ಯಾರಿಗೆ ಬೇಡ? ಆದರೆ ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆ. ಇಲ್ಲಿ ಹಕ್ಕು ಇರುವವರಿಗೆ ಅಲ್ಲಿಯೂ ಇರಬೇಕೆಂದಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಹೆಸರಾಗಿದ್ದ ಜಾದೂ ಟಿವಿ ಬಾಕ್ಸ್ ವಿರುದ್ಧ ಅಮೆರಿಕದ ಡಿಶ್ ನೆಟ್‌ವರ್ಕ್ 2018ರಲ್ಲಿ ದಾವೆ ಹೂಡಿದ್ದು ಇದೇ ಹಕ್ಕಿನ ಪ್ರಶ್ನೆ ಎತ್ತಿ.

ಹಾಗೆಂದು ತಪ್ಪೆಲ್ಲ ನೋಡುಗನದಲ್ಲ. ಒಂದು ಆ್ಯಪ್‌ನಲ್ಲಿ ಕ್ರಿಕೆಟ್, ಇನ್ನೊಂದರಲ್ಲಿ ಕನ್ನಡ ಸಿನಿಮಾ, ಮತ್ತೊಂದರಲ್ಲಿ ಧಾರಾವಾಹಿ. ಹಣ ಕೊಟ್ಟ ಮೇಲೂ ಜಾಹೀರಾತು. ಉದ್ಯಮವೇ ಹೀಗೆ ಚೂರುಚೂರಾಗಿ ಮಾರಿದರೆ ಎಲ್ಲವನ್ನೂ ಒಂದೇ ಕಡೆ ಕೊಡುವ ಕಳ್ಳನಿಗೆ ಗಿರಾಕಿ ತಪ್ಪುವುದಿಲ್ಲ. ತಡೆಯುವುದೊಂದೇ ಮದ್ದೂ ಅಲ್ಲ. ಮುಚ್ಚಿಸಿದ ತಾಣ ಹೊಸ ಹೆಸರಿನಲ್ಲಿ ತಲೆಯೆತ್ತಿದರೆ ಅದನ್ನೂ ತಡೆಯಲು ಅವಕಾಶವಾಗುವಂತಹ ಆದೇಶವನ್ನು ದೆಹಲಿ ಹೈಕೋರ್ಟ್ 2019ರಲ್ಲೇ ನೀಡಿದೆ. ಆದರೂ ದಂಧೆ ನಿಂತಿಲ್ಲ. ಅವಸರದ ತಡೆಗೆ ತನ್ನದೇ ಅಪಾಯವಿದೆ: ಇಟಲಿಯ ‘ಪೈರಸಿ ಶೀಲ್ಡ್’ ವ್ಯವಸ್ಥೆ 2024ರ ಅಕ್ಟೋಬರ್‌ನಲ್ಲಿ ಗೂಗಲ್ ಡ್ರೈವ್ ಅನ್ನೇ ತಡೆದಿತ್ತು. ಪರವಾನಗಿ ಇರುವ ಸೇವೆಗಳ ಹೆಸರನ್ನು ಯಾರು ಬೇಕಾದರೂ ಕನ್ನಡದಲ್ಲೇ ಹುಡುಕಿ ನೋಡುವಂತಹ ಒಂದು ಸರಳ ಪಟ್ಟಿಯನ್ನು ಸಚಿವಾಲಯ ಜನರ ಕೈಗಿಟ್ಟರೆ ಅದರಿಂದ ಆಗುವ ಉಪಕಾರ ಹೆಚ್ಚು.

ಅಲ್ಲಿಯವರೆಗೆ ನೋಡುಗನ ಕೈಯಲ್ಲೇ ಒಂದು ಪರೀಕ್ಷೆ ಇದೆ. ವರ್ಷದ ಹಣ ಒಟ್ಟಿಗೆ ಕೇಳುವವನಿಗೆ, ‘ಒಂದು ತಿಂಗಳಿಗೆ ಕೊಡಿ, ಜೊತೆಗೆ ಬಿಲ್ ಕೊಡಿ’ ಎಂದು ಹೇಳಿ ನೋಡಿ. ಸಾಚಾ ಸೇವೆಗೆ ಅದು ದಿನನಿತ್ಯದ ಕೆಲಸ. ಬಿಲ್ ಮೇಲೆ ಹೆಸರು ಹಾಕಲು ಹಿಂಜರಿಯುವವನು ನಾಳೆ ಪರದೆ ಕಪ್ಪಾದಾಗ ಫೋನ್ ಎತ್ತುತ್ತಾನೆ ಎಂದು ನಂಬಲು ಕಾರಣವಿಲ್ಲ. ಹಣ ಆಗಲೇ ಹೋಗಿ ಮೋಸವೆಂದು ಗೊತ್ತಾದರೆ, ನಾಚಿಕೆಪಟ್ಟು ಸುಮ್ಮನಾಗದೆ ಕೂಡಲೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.